ಮುಲಾಮಿನ ಕೆಳಗಿನ ನೀರು

ಕನ್ನಡದಲ್ಲಿ ಮುಲಾಮು ಎಂಬ ಮಾತಿಗೆ ಎರಡು ಅರ್ಥಗಳುಂಟು. ಗಾಯಕ್ಕೆ ಹಚ್ಚುವ ಲೇಪ ಮುಲಾಮು. ಹಿತ್ತಾಳೆಯ ಬಳೆಗೆ ಚಿನ್ನದ ನೀರು ಕುಡಿಸಿದರೆ ಅದೂ ಮುಲಾಮೇ. ಎರಡೂ ಹೊರಗಿನಿಂದ ಬಂದ ಪದಗಳು. ಬರುವಾಗ ಬೇರೆ ಬೇರೆಯಾಗಿದ್ದು ನಮ್ಮವರ ನಾಲಗೆಯ ಮೇಲೆ ಒಂದಾದವು. ನಿಘಂಟುಕಾರರಿಗೆ ಇದೊಂದು ಸಣ್ಣ ತೊಡಕು. ನನ್ನಂಥ ಕನ್ನಡ ಅಧ್ಯಾಪಕನಿಗೆ ತರಗತಿಯಲ್ಲಿ ಐದು ನಿಮಿಷ ಕಳೆಯಲು ಒದಗುವ ಸಾಮಗ್ರಿ. ಆದರೆ ಈಚೆಗೆ ಆ ಎರಡನೆಯ ಅರ್ಥ ನನ್ನನ್ನು ನಿಘಂಟಿನಿಂದ ಆಚೆಗೆ, ನೆಲದ ಕೆಳಕ್ಕೆ ಎಳೆದುಕೊಂಡು ಹೋಗಿದೆ. ಲೋಹಕ್ಕೆ ಮುಲಾಮು ಕೊಡುವ ಕಾರ್ಖಾನೆಯೊಂದು ಮುಚ್ಚಿಹೋದ ಮೇಲೆ ಅದರ ಅಡಿಯ ನೀರಿನ ಗತಿಯೇನು? ಅದನ್ನು ಪರೀಕ್ಷಿಸತಕ್ಕವರು ಯಾರು? ಎಷ್ಟು ಕಾಲ ಪರೀಕ್ಷಿಸಬೇಕು?

ಸಾಹಿತ್ಯದ ಪುಟದಲ್ಲಿ ಈ ಪ್ರಶ್ನೆಗಳನ್ನು ಎತ್ತುವುದು ಅನುಚಿತವೆಂದು ಕೆಲವು ವಾಚಕರಿಗೆ ತೋರಬಹುದು. ವಿಜ್ಞಾನಿಗಳ ಕೆಲಸವನ್ನು ವಿಜ್ಞಾನಿಗಳಿಗೆ ಬಿಡಿ ಎಂದು ನನ್ನ ಸಹೋದ್ಯೋಗಿಗಳೊಬ್ಬರು ಹೇಳಿಯೂ ಆಯಿತು. ಬಿಡಲು ನನ್ನ ಅಭ್ಯಂತರವೇನೂ ಇಲ್ಲ. ಆದರೆ ಈ ಶೋಧನೆ ಅರ್ಧ ರಸಾಯನಶಾಸ್ತ್ರವಾದರೆ ಇನ್ನರ್ಧ ಕೇಳುವ, ಓದುವ, ಬರೆದಿಡುವ ಕೆಲಸ ಎಂಬುದು ಅದರ ವಿಚಾರವಾಗಿ ಓದುತ್ತ ಹೋದಂತೆ ನನಗೆ ಮನವರಿಕೆಯಾಗಿದೆ. ಆ ಇನ್ನರ್ಧದಲ್ಲಿಯೇ ನಾವು ಹಿಂದೆ ಬಿದ್ದಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಈ ಕಸಬಿನ ವಿಚಾರ ನಾಲ್ಕು ಮಾತು. ಲೋಹಲೇಪನ ನೋಡಲು ಸರಳವಾದ ಕೆಲಸ. ಒಂದರ ಪಕ್ಕದಲ್ಲೊಂದು ತೊಟ್ಟಿಗಳು. ಒಂದರಲ್ಲಿ ಸಾಮಾನಿನ ಜಿಡ್ಡು ತೆಗೆಯುವುದು, ಇನ್ನೊಂದರಲ್ಲಿ ಆಸಿಡ್ಡಿನಿಂದ ತುಕ್ಕು ಬಿಡಿಸುವುದು. ಆಮೇಲೆ ತಾಮ್ರ, ನಿಕ್ಕಲ್, ಸತು, ಕ್ಯಾಡ್ಮಿಯಂ, ಕ್ರೋಮಿಯಂ ಮೊದಲಾದವುಗಳಲ್ಲಿ ಬೇಕಾದ ಲೋಹದ ದ್ರಾವಣದೊಳಗೆ ಮುಳುಗಿಸಿ ವಿದ್ಯುತ್ತು ಹಾಯಿಸುವುದು. ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಸಾಮಾನನ್ನು ನೀರಿನಲ್ಲಿ ಅಲುಬಬೇಕು. ಕೇಡು ಹುಟ್ಟುವುದು ಮುಖ್ಯವಾಗಿ ಈ ಅಲುಬುವ ನೀರಿನಲ್ಲಿ. ದ್ರಾವಣದಿಂದ ಮೇಲೆತ್ತಿದ ಸಾಮಾನು ತನ್ನ ಮೈಗೆ ಅಂಟಿದ ದ್ರವವನ್ನು ಹೊತ್ತುಕೊಂಡೇ ಬರುತ್ತದೆ. ಅದು ಅಲುಬುವ ತೊಟ್ಟಿಗಿಳಿಯುತ್ತದೆ, ಅಲ್ಲಿಂದ ಚರಂಡಿಗೆ, ಚರಂಡಿಯ ಸಂದಿನಿಂದ ಮಣ್ಣಿಗೆ. ದಿನಕ್ಕೆ ಎಷ್ಟು ಸಾವಿರ ಸಾಮಾನುಗಳು ಹಾಗೆ ಮುಳುಗಿ ಏಳುತ್ತವೆ ಎಂಬುದನ್ನು ನೆನೆದರೆ ಹನಿಯ ಲೆಕ್ಕ ಹಳ್ಳದ ಲೆಕ್ಕವಾಗುತ್ತದೆ. ಕ್ರೋಮಿಯಂ ತೊಟ್ಟಿಯಲ್ಲಂತೂ ಹಾಯಿಸಿದ ವಿದ್ಯುತ್ತಿನ ಬಹುಪಾಲು ಲೋಹವನ್ನು ಕೂರಿಸುವುದಕ್ಕೆ ಬದಲು ಜಲಜನಕದ ಗುಳ್ಳೆಗಳನ್ನು ಎಬ್ಬಿಸುವುದರಲ್ಲಿ ವ್ಯಯವಾಗುತ್ತದೆ. ಆ ಗುಳ್ಳೆಗಳು ಒಡೆದು ಕ್ರೋಮಿಕ್ ಆಮ್ಲದ ಹನಿಮಂಜನ್ನು ಗಾಳಿಗೆ ಎರಚುತ್ತವೆ. ಗಾಳಿಯಲ್ಲಿ ಹೋದದ್ದು ಕೆಲಸಗಾರನ ಶ್ವಾಸಕೋಶಕ್ಕೆ, ನೆಲಕ್ಕೆ ಬಿದ್ದದ್ದು ಊರಿನ ಬಾವಿಗೆ.

ಕ್ರೋಮಿಯಂ ಎರಡು ರೂಪಗಳಲ್ಲಿ ವ್ಯವಹರಿಸುತ್ತದೆ. ತ್ರಿವೇಲೆಂಟ್ ಎಂಬುದು ಸೋಮಾರಿ. ಮಣ್ಣಿಗೆ ಅಂಟಿಕೊಂಡು ಕುಳಿತುಬಿಡುತ್ತದೆ. ಹೆಕ್ಸಾವೇಲೆಂಟ್ ಎಂಬುದು ಚುರುಕು. ನೀರಿನಲ್ಲಿ ಕರಗಿ ನೀರಿನೊಡನೆಯೇ ನಡೆಯುತ್ತದೆ. ಉಸಿರಿನ ಮೂಲಕ ಹೊಕ್ಕಾಗ ಅದು ಶ್ವಾಸಕೋಶದ ಕ್ಯಾನ್ಸರನ್ನು ತರುವುದೆಂಬುದು ಸಿದ್ಧವಾದ ವಿಷಯ. ಕುಡಿಯುವ ನೀರಿನಲ್ಲಿ ಕೊಟ್ಟಾಗಲೂ ಇಲಿಗಳಲ್ಲಿ ಬಾಯಿಯ ಗೆಡ್ಡೆಗಳೂ ಸುಂಡಿಲಿಗಳಲ್ಲಿ ಸಣ್ಣಕರುಳಿನ ಗೆಡ್ಡೆಗಳೂ ಎದ್ದುದನ್ನು ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2008ರಲ್ಲಿ ಪ್ರಕಟಿಸಿತು. ನಮ್ಮ ಭಾರತೀಯ ಮಾನಕ ಸಂಸ್ಥೆ ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಮ್ಮಿಗೆ ವಿಧಿಸಿರುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಕ್ಯಾಡ್ಮಿಯಮ್ಮಿಗೆ 0.003. ಹೆಕ್ಸಾವೇಲೆಂಟ್ ಕ್ರೋಮಿಯಂ ನೀರಿಗೆ ಹಳದಿ ಬಣ್ಣ ಕೊಡುತ್ತದೆ, ನಿಜ. ಆದರೆ ಕಣ್ಣಿಗೆ ಹಳದಿ ಕಾಣುವ ಹೊತ್ತಿಗೆ ಮಿತಿ ಎಷ್ಟೋ ಪಟ್ಟು ಮೀರಿರುತ್ತದೆ. ತಿಳಿಯಾಗಿದೆ, ರುಚಿಯಾಗಿದೆ, ನಮ್ಮ ತಾತನ ಕಾಲದಿಂದ ಕುಡಿಯುತ್ತ ಬಂದಿದ್ದೇವೆ ಎಂಬ ಯಾವ ಮಾತೂ ಇಲ್ಲಿ ಪ್ರಮಾಣವಾಗುವುದಿಲ್ಲ.

ನಮ್ಮ ಪೂರ್ವಿಕರು ನೆಲದೊಳಗಿನ ನೀರನ್ನು ಕುರಿತು ಯೋಚಿಸದವರಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ದಕಾರ್ಗಲವೆಂಬ ಅಧ್ಯಾಯವೇ ಇದೆ. ಮನುಷ್ಯನ ಮೈಯಲ್ಲಿ ರಕ್ತನಾಳಗಳಿರುವಂತೆ ಭೂಮಿಯಲ್ಲಿ ನೀರಿನ ಸಿರೆಗಳುಂಟೆಂದು ಅವನ ಕಲ್ಪನೆ. ಕನ್ನಡದಲ್ಲಿಯೇ, ಚಾಲುಕ್ಯ ಜಯಸಿಂಹನ ಕಾಲದ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ಲೋಕೋಪಕಾರದಲ್ಲಿ ಅಡುಗೆ, ಸುಗಂಧ, ವೃಕ್ಷವೈದ್ಯಗಳ ಜತೆಗೆ ಜಲಶೋಧನೆಯೂ ಸೇರಿದೆ. ಶಾಸನಗಳ ಕೊನೆಯಲ್ಲಿ ಕೆರೆಬಾವಿಗಳನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪವನ್ನು ಹೊರಿಸುವ ಶಾಪಾಶಯವನ್ನು ನಾವೆಲ್ಲ ಪಾಠ ಮಾಡಿದ್ದೇವೆ. ಆದರೆ ಆ ಜಲಶೋಧಕನು ಹುಡುಕಿದ್ದು ನೀರನ್ನು. ಇಂದಿನ ಶೋಧಕನು ಹುಡುಕಬೇಕಾದದ್ದು ನೀರಿನಲ್ಲಿ ಅಡಗಿದ್ದನ್ನು. ಶಾಪ ಹಾಕುವುದಕ್ಕಾದರೂ ಕೆಡಿಸಿದವನು ಯಾರು, ಕೆಟ್ಟದ್ದು ಎಲ್ಲಿಯವರೆಗೆ ಎಂಬುದು ಗೊತ್ತಾಗಬೇಕಲ್ಲ! ಒಡೆದ ಕೆರೆಯ ಏರಿ ಎಲ್ಲರಿಗೂ ಕಾಣುತ್ತದೆ. ನೂರಡಿಯ ಕೆಳಗಿನ ಸಿರೆಯಲ್ಲಿ ನಡೆದದ್ದು ಯಾರಿಗೂ ಕಾಣುವುದಿಲ್ಲ.

ಅದನ್ನು ಕಾಣುವಂತೆ ಮಾಡುವುದು ಎಂದರೇನು ಎಂಬುದಕ್ಕೆ ನಿದರ್ಶನವಾಗಿ ನಾನು ದೂರದ ಒಂದು ಊರನ್ನು ಆರಿಸಿಕೊಳ್ಳುತ್ತೇನೆ. ದೂರದ್ದೇ ಏಕೆಂದರೆ, ಅಲ್ಲಿ ಲೆಕ್ಕವನ್ನು ಬರೆದಿಟ್ಟಿದ್ದಾರೆ.

ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ಪೂರ್ವದಲ್ಲಿ ಲಾಂಗ್ ಐಲೆಂಡ್ ಎಂಬ ಉದ್ದನೆಯ ದ್ವೀಪವಿದೆ. ಅದರ ನಾಸೋ ಕೌಂಟಿಯ ಜನ ಕುಡಿಯುವುದು ತಮ್ಮ ಕಾಲಡಿಯ ನೀರನ್ನು. ನೆಲದಡಿಯ ಮರಳು ಜಲ್ಲಿಗಳ ಪದರಗಳೇ ಅವರ ಕೆರೆ. ಅಲ್ಲಿನ ಫಾರ್ಮಿಂಗ್‌ಡೇಲ್ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದ ಬಿಡಿಭಾಗಗಳಿಗೆ ಲೋಹಲೇಪನ ಮಾಡುವ ಕಾರ್ಖಾನೆಯಿತ್ತು. ಯುದ್ಧದ ಅವಸರ, 1941ರಿಂದ ಮುಲಾಮಿನ ತ್ಯಾಜ್ಯವನ್ನು ಅಸ್ತರಿಯಿಲ್ಲದ, ಬರಿ ಮಣ್ಣಿನ ಹೊಂಡಗಳಿಗೆ ಬಿಟ್ಟರು. ಮರಳು ಅದನ್ನು ಕುಡಿಯಿತು. ಮರುವರ್ಷವೇ, ಅಂದರೆ 1942ರಲ್ಲಿ, ಕೌಂಟಿಯ ಆರೋಗ್ಯ ಇಲಾಖೆಯವರಿಗೆ ಬಾವಿಯ ನೀರಿನಲ್ಲಿ ಕ್ರೋಮಿಯಂ ಸಿಕ್ಕಿತು.

ಇಲ್ಲಿಯವರೆಗಿನ ಕಥೆ ಎಲ್ಲ ದೇಶಗಳದೂ ಆಗಬಹುದು. ಮುಂದಿನದು ಮಾತ್ರ ಹಾಗಲ್ಲ. ಸಿಕ್ಕಿತು ಎಂದು ಒಂದು ಕಾಗದ ಬರೆದು ಅವರು ಕೈತೊಳೆದುಕೊಳ್ಳಲಿಲ್ಲ. ಕಾರ್ಖಾನೆಯಿಂದ ದಕ್ಷಿಣಕ್ಕೆ ಸಾಲು ಹಿಡಿದು ಸಣ್ಣ ಪರೀಕ್ಷಾ ಕೊಳವೆಗಳನ್ನು ಇಳಿಸಿದರು. ಬೇರೆ ಬೇರೆ ಆಳಗಳಿಂದ ನೀರು ತೆಗೆದರು. ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ತೆಗೆದರು. 1949ರಲ್ಲಿ ಅತ್ಯಧಿಕವಾಗಿ ಸಿಕ್ಕಿದ ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 40 ಮಿಲಿಗ್ರಾಂ, ಇಂದಿನ ನಮ್ಮ ಮಿತಿಯ 800 ಪಟ್ಟು. 1962ರಲ್ಲಿ ಅದು ಇಳಿದಿತ್ತು, ಆದರೆ ಮುಗಿದಿರಲಿಲ್ಲ. ಆ ವರ್ಷದ ಅಳತೆಯಂತೆ ಕೆಟ್ಟ ನೀರು ಮರಳಿನೊಳಗೆ 4,300 ಅಡಿ ಉದ್ದಕ್ಕೆ, 1,000 ಅಡಿಯವರೆಗೆ ಅಗಲಕ್ಕೆ, 70 ಅಡಿಯವರೆಗೆ ದಪ್ಪಕ್ಕೆ ಹಬ್ಬಿತ್ತು. ಅದರ ತುದಿ ಮಾಸಪೀಕ್ವಾ ಎಂಬ ತೊರೆಯನ್ನು ಮುಟ್ಟಿ ಅದರೊಳಕ್ಕೆ ಒಸರುತ್ತಿತ್ತು. ಭೂಗರ್ಭ ಸರ್ವೇಕ್ಷಣ ಇಲಾಖೆಯ ಪರ್ಲ್‌ಮಟರ್ ಮತ್ತು ಕೌಂಟಿಯ ಲೀಬರ್ ಎಂಬವರು ಇದನ್ನೆಲ್ಲ ನಕ್ಷೆ, ಕೋಷ್ಟಕಗಳೊಡನೆ 1970ರಲ್ಲಿ ಪ್ರಕಟಿಸಿದರು.

ಹೀಗೆ ಒಂದು ಮೂಲದಿಂದ ಹೊರಟು ನೀರಿನ ಹರಿವಿನ ದಿಕ್ಕಿಗೆ ಹಬ್ಬುವ ಕೆಡುಕಿಗೆ ಇಂಗ್ಲಿಷಿನಲ್ಲಿ ಪ್ಲೂಮ್, ಅಂದರೆ ಗರಿ, ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನೋಣ? ನನಗೆ ಸೋಗೆ ಎಂಬ ಪದ ಒಪ್ಪುತ್ತದೆ: ನವಿಲಿನ ಬೆನ್ನಿನಿಂದ ಹೊರಟು ಉದ್ದಕ್ಕೆ ಚಾಚಿ ಹರಡಿಕೊಂಡ ಸೋಗೆ. ಪಕ್ಕದಲ್ಲೇ ಸೋಗು ಎಂಬ ಪದವೂ ಇರುವುದರಿಂದ, ತಿಳಿನೀರಿನ ವೇಷದಲ್ಲಿ ಬರುವ ಈ ಪದಾರ್ಥಕ್ಕೆ ಅದು ಇನ್ನಷ್ಟು ಸಲ್ಲುತ್ತದೆ. ಯಾರಾದರೂ ಇದಕ್ಕಿಂತ ಒಳ್ಳೆಯ ಪದ ಕೊಟ್ಟರೆ ನನ್ನದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಆ ಸೋಗೆಯ ಮುಂದಿನ ಇತಿಹಾಸವನ್ನೂ ಹೇಳಿಬಿಡುತ್ತೇನೆ. ಬರೆದಿಟ್ಟ ಅಂಕಿಗಳಿದ್ದುದರಿಂದ 1973ರಲ್ಲಿ ಜಾರ್ಜ್ ಪಿಂಡರ್ ಎಂಬ ವಿದ್ವಾಂಸರು ಗಣಿತದ ಮೂಲಕ ಅದರ ನಡಿಗೆಯನ್ನು ಮತ್ತೆ ಕಟ್ಟಿ ತೋರಿಸಿದರು. ಅಂತರ್ಜಲದ ಮಾಲಿನ್ಯವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿದ್ಯೆಯ ಆರಂಭದ ಪ್ರಬಂಧಗಳಲ್ಲಿ ಅದೊಂದು. ಕಾರ್ಖಾನೆಯ ನಿವೇಶನವನ್ನು ಅಮೆರಿಕದ ಸರಕಾರ 1986ರಲ್ಲಿ ಲಿಬರ್ಟಿ ಇಂಡಸ್ಟ್ರಿಯಲ್ ಫಿನಿಶಿಂಗ್ ಎಂಬ ಹೆಸರಿನಿಂದ ತನ್ನ ಸೂಪರ್‌ಫಂಡ್ ಪಟ್ಟಿಗೆ, ಅಂದರೆ ಶುದ್ಧಿಗೊಳಿಸಲೇಬೇಕಾದ ಅತಿ ಕೆಟ್ಟ ಸ್ಥಳಗಳ ಪಟ್ಟಿಗೆ, ಸೇರಿಸಿತು. ಕ್ರೋಮಿಯಂ, ಕ್ಯಾಡ್ಮಿಯಂಗಳ ಜತೆಗೆ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನಿನಂಥ ದ್ರಾವಕಗಳೂ ಅಲ್ಲಿ ಸಿಕ್ಕವು. ಶುದ್ಧೀಕರಣ ಹೇಗೆ ನಡೆಯಬೇಕೆಂಬ ನಿರ್ಣಯ ಹೊರಬಿದ್ದದ್ದು 2002ರಲ್ಲಿ. ಮೊದಲ ಬಾವಿಯಲ್ಲಿ ವಿಷ ಕಂಡ 1942ಕ್ಕೂ ಈ ನಿರ್ಣಯಕ್ಕೂ ನಡುವೆ 60 ವರ್ಷ. ಬಾವಿಯನ್ನು ಮೊದಲು ಪರೀಕ್ಷಿಸಿದವರ ಮೊಮ್ಮಕ್ಕಳು ನಿರ್ಣಯವನ್ನು ಓದಿರಬೇಕು.

ಇದನ್ನು ಅಮೆರಿಕದವರ ಹೊಗಳಿಕೆಯೆಂದು ಭಾವಿಸಬಾರದು. ವಿಷ ಸಿಕ್ಕ 60 ವರ್ಷದ ಮೇಲೆ ಔಷಧಿಯ ಚೀಟಿ ಬರೆಯುವ ವೈದ್ಯನನ್ನು ಯಾರು ಹೊಗಳಿಯಾರು? ನಾನು ಮೆಚ್ಚುವುದು ಒಂದನ್ನೇ: ಅಷ್ಟು ತಡವಾದರೂ ನಡುವಿನ ಕಾಲದ ಪುಟಗಳು ಬರಿದಾಗಿರಲಿಲ್ಲ. 1949ರ ಅಂಕಿ ಇದ್ದುದರಿಂದ 1962ರ ಅಂಕಿಗೆ ಅರ್ಥ ಬಂತು. ಒಂದೇ ಸಲ ತೆಗೆದ ನೀರು ಒಂದೇ ದಿನದ ಸಂಗತಿಯನ್ನು ಹೇಳುತ್ತದೆ. ಹಸ್ತಪ್ರತಿಯ ಒಂದೇ ಒಂದು ಓಲೆ ಸಿಕ್ಕರೆ ಅದರಿಂದ ಕಾವ್ಯದ ಕಥೆಯನ್ನು ಊಹಿಸಬಹುದೇ ಹೊರತು ಪಾಠವನ್ನು ನಿರ್ಣಯಿಸಲಾಗದು, ಇದೂ ಹಾಗೆಯೇ.

ಶೋಧನೆಯ ಕ್ರಮವನ್ನು ಓದುವಾಗ ನನಗೆ ಗ್ರಂಥಸಂಪಾದನೆಯ ನೆನಪು ಬಂದುದು ಇದೊಂದೇ ಕಾರಣದಿಂದಲ್ಲ. ಮೊದಲ ಕೆಲಸ ಅಗೆಯುವುದಲ್ಲ, ಹಳೆಯ ಕಾಗದ ಹುಡುಕುವುದು. ತೊಟ್ಟಿಗಳು ಎಲ್ಲಿದ್ದವು, ಯಾವ ಲೋಹದ ಕೆಲಸ ಯಾವ ವರ್ಷ ನಡೆಯಿತು, ಚರಂಡಿ ಯಾವ ಕಡೆಗೆ ಇಳಿಜಾರಾಗಿತ್ತು, ಕೆಸರನ್ನು ಎಲ್ಲಿ ಹೂಳಿದರು ಎಂಬುದನ್ನು ನಕ್ಷೆಗಳಿಂದಲೂ ಖರೀದಿಯ ಲೆಕ್ಕಗಳಿಂದಲೂ ಕೆಲಸ ಮಾಡಿದವರ ಬಾಯಿಂದಲೂ ತಿಳಿಯಬೇಕು. ಆಮೇಲೆ ಮಣ್ಣು, ಆಮೇಲೆ ನೀರು. ನೀರು ಯಾವ ದಿಕ್ಕಿಗೆ ಹರಿಯುತ್ತದೆಂದು ಗೊತ್ತುಮಾಡಲು ಕನಿಷ್ಠ ಮೂರು ಕೊಳವೆಗಳು ಬೇಕು, ಒಂದೇ ಗೆರೆಯಲ್ಲಲ್ಲ, ತ್ರಿಕೋನವಾಗಿ. ಹರಿವಿನ ಮೇಲ್ಗಡೆ ಒಂದು ಕೊಳವೆ ಇರಲೇಬೇಕು; ಇಲ್ಲದಿದ್ದರೆ ವಿಷ ಇಲ್ಲಿಯದೋ ನೆರೆಯವನದೋ ಎಂಬ ವಾದ ಹೈಕೋರ್ಟಿನವರೆಗೂ ಹೋಗುತ್ತದೆ. ಕೊಳವೆಯಲ್ಲಿ ನಿಂತ ನೀರನ್ನು ಹೊರಹಾಕಿ ಹೊಸ ನೀರು ಬಂದ ಮೇಲೆಯೇ ಮಾದರಿ ತುಂಬಬೇಕು. ಉಳಿದ ಲೋಹಗಳ ಪರೀಕ್ಷೆಗೆ ಸೀಸೆಗೆ ನೈಟ್ರಿಕ್ ಆಮ್ಲದ ಹನಿ ಬಿಡುವುದು ಪದ್ಧತಿ. ಹೆಕ್ಸಾವೇಲೆಂಟ್ ಕ್ರೋಮಿಯಮ್ಮಿಗೆ ಹಾಗೆ ಮಾಡಿದರೆ ಅದು ಸೀಸೆಯೊಳಗೇ ತ್ರಿವೇಲೆಂಟಾಗಿ ವೇಷ ಬದಲಿಸಿಬಿಡಬಹುದು. ಅದನ್ನು ಬೇರೆ ಸೀಸೆಯಲ್ಲಿ, ತಣ್ಣಗೆ ಇಟ್ಟು, ವಿಶೇಷ ಏರ್ಪಾಡಿಲ್ಲದಿದ್ದರೆ 24 ಗಂಟೆಗಳೊಳಗೆ ಪರೀಕ್ಷಿಸಬೇಕು. ಸರಕಾರಿ ಜೀಪಿನ ಹಿಂದೆ ಎರಡು ದಿನ ಬಿಸಿಲು ಕಾಯ್ದ ಸೀಸೆ ಏನು ಹೇಳಿದರೂ ಅದನ್ನು ನಂಬತಕ್ಕದ್ದಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಬೆಂಗಳೂರಿನ ವಾಯವ್ಯದ ಪೀಣ್ಯ ಕೈಗಾರಿಕಾ ಪ್ರದೇಶ ವಾಚಕರಿಗೆ ಅಪರಿಚಿತವಲ್ಲ. ಸಣ್ಣ ಕೈಗಾರಿಕೆಗಳ ಆ ಮಹಾಸಂತೆಯಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡುಗಳು ಬಹಳ. ಅಲ್ಲಿಯ ಅಂತರ್ಜಲದಲ್ಲಿ ಕ್ರೋಮಿಯಂ ಮಿತಿ ಮೀರಿರುವುದನ್ನು ಒಂದಕ್ಕಿಂತ ಹೆಚ್ಚು ಅಧ್ಯಯನಗಳು ತೋರಿಸಿಕೊಟ್ಟಿವೆ. ಆದರೆ ಲಾಂಗ್ ಐಲೆಂಡಿನ ನಕ್ಷೆಯನ್ನು ಇಲ್ಲಿಗೆ ತಂದು ಹಾಸಲು ಬರುವುದಿಲ್ಲ. ಅಲ್ಲಿಯದು ಮರಳು, ನೀರು ಸಮವಾಗಿ ಒಂದು ದಿಕ್ಕಿಗೆ ಜಿನುಗುತ್ತದೆ, ಸೋಗೆಯ ಅಂಚನ್ನು ಪೆನ್ಸಿಲಿನಿಂದ ಎಳೆಯಬಹುದು. ನಮ್ಮದು ಗಟ್ಟಿ ನೈಸ್ ಶಿಲೆ. ಮೇಲೆ ಕೊಳೆತ ಕಲ್ಲಿನ ಪದರ, ಅದರ ಕೆಳಗೆ ಬಂಡೆ, ಬಂಡೆಯಲ್ಲಿ ಅಲ್ಲಲ್ಲಿ ಬಿರುಕುಗಳು. ನೀರು ಆ ಬಿರುಕುಗಳಲ್ಲಿ ಓಡುತ್ತದೆ. ಕಾರ್ಖಾನೆಯ ಗೋಡೆಗೆ ತಾಗಿದ ಬೋರ್‌ವೆಲ್ಲಿನಲ್ಲಿ ನೀರು ಚೊಕ್ಕಟವಾಗಿದ್ದು, ಎರಡು ಬೀದಿ ಆಚೆಯದು ಕೆಟ್ಟಿರಬಹುದು. ಅಷ್ಟೇ ಅಲ್ಲ, ಅಕ್ಕಪಕ್ಕದವರು ಆಳವಾದ ಬೋರ್ ಕೊರೆದು ಹಗಲಿರುಳು ನೀರೆತ್ತಿದರೆ ಹರಿವಿನ ದಿಕ್ಕೇ ತಿರುಗುತ್ತದೆ. ಮಳೆಗಾಲಕ್ಕೆ ಮುಂಚೆ ಒಂದು ಅಂಕಿ, ಮಳೆ ಹೋದ ಮೇಲೆ ಇನ್ನೊಂದು: ಒಣಗಿದ ಮಣ್ಣಿನಲ್ಲಿ ಹಿಡಿದಿದ್ದುದನ್ನು ಮಳೆ ತೊಳೆದು ಕೆಳಗಿಳಿಸುವುದೂ ಉಂಟು, ತೆಳುವು ಮಾಡಿ ಮರೆಸುವುದೂ ಉಂಟು. ಮರಳಿನ ದೇಶದಲ್ಲಿ 20 ವರ್ಷ ಅಳೆದವರಿಗೆ ದೊರೆತ ನಿಶ್ಚಯ ಬಂಡೆಯ ದೇಶದಲ್ಲಿ ಒಂದು ಸಲದ ಪರೀಕ್ಷೆಯಿಂದ ದೊರೆಯುತ್ತದೆಂದು ನಂಬುವುದು ಹೇಗೆ?

ಈ ವಿಷಯ ನನಗೆ ತಾಗಿದ್ದು ಪುಸ್ತಕದಿಂದಲ್ಲ. ನನ್ನ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ತಂದೆ 19 ವರ್ಷ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ದುಡಿದವರು. ಶೆಡ್ಡು ಮುಚ್ಚಿ ಕೆಲವು ವರ್ಷಗಳಾಗಿವೆ. ಹುಡುಗ ಅವರನ್ನು ಕಾಲೇಜಿನ ವಾರ್ಷಿಕೋತ್ಸವಕ್ಕೆ ಕರೆತಂದಿದ್ದ. ಕೈಮುಗಿದಾಗ ಅವರ ಬೆರಳುಗಳ ಮೇಲೆ ಸಣ್ಣ ಸಣ್ಣ ಗುಳಿಗಳಂಥ ಹಳೆಯ ಕಲೆಗಳು ಕಂಡವು. ನಾನು ನೋಡಿದ್ದನ್ನು ಅವರು ನೋಡಿದರು. "ಕ್ರೋಮ್ ಟ್ಯಾಂಕಿನ ಗುರುತು ಸಾರ್, ನಮ್ಮೋರಿಗೆಲ್ಲ ಐತೆ. ಕೆಲವರಿಗೆ ಮೂಗಿನ ಒಳಗಿನ ಗೋಡೆನೂ ತೂತು ಬಿದ್ದೈತೆ" ಎಂದರು, ಹವಾಮಾನದ ವಿಚಾರ ಹೇಳುವಷ್ಟು ಸಹಜವಾಗಿ. ಆಮೇಲೆ ಮಾತು ಶೆಡ್ಡಿನ ನೆಲಕ್ಕೆ ಬಂತು. ಕಡಪಾ ಕಲ್ಲು ಹಾಸಿದ್ದರಂತೆ. ಸಂದಿನ ಗಾರೆಯನ್ನು ಆಸಿಡ್ಡು ಎರಡೇ ವರ್ಷದಲ್ಲಿ ತಿಂದುಹಾಕಿತಂತೆ. ಅಲುಬಿದ ನೀರು ಹಿಂದುಗಡೆಯ ಒಂದು ಹಳೆಯ ತೆರೆದ ಬಾವಿಗೆ ಹೋಗುತ್ತಿತ್ತು. ಬೇಸಗೆಯಲ್ಲಿ ಬತ್ತಿದ ಬಾವಿ, ಆದ್ದರಿಂದ ಅದು "ಎಷ್ಟು ಬಿಟ್ರೂ ತುಂಬ್ತಿರಲಿಲ್ಲ". ಈಗ ಆ ಬಾವಿಯನ್ನು ಮುಚ್ಚಿ ಮೇಲೆ ಮಣ್ಣು ಹಾಕಿ ನಿವೇಶನಗಳ ಕಲ್ಲು ನೆಟ್ಟಿದ್ದಾರೆ.

"ಇದನ್ನು ಯಾರಿಗಾದರೂ ಹೇಳಿದ್ದೀರಾ ಯಜಮಾನರೆ?" ಎಂದು ಕೇಳಿದೆ.

"ಯಾರೂ ಕೇಳ್ಲಿಲ್ವಲ್ಲ ಸಾರ್."

ನೀರು ಪರೀಕ್ಷೆಗೆ ಬಂದವರುಂಟೇ ಎಂದರೆ, ಬಂದಿದ್ದರಂತೆ, ಒಂದು ಸಲ. ಮುಂದಿನ ರಸ್ತೆಯ ಬೋರ್‌ವೆಲ್ಲಿನಿಂದ ಒಂದು ಸೀಸೆ ತುಂಬಿಕೊಂಡು ಹೋದರಂತೆ. ವರದಿ ಚೆನ್ನಾಗಿಯೇ ಬಂದಿತೆಂದು ಕೇಳಿದ್ದಾರೆ. ಹಿಂದುಗಡೆಯ ಬಾವಿಯ ವಿಚಾರ ಆ ಸೀಸೆಗೆ ಹೇಗೆ ಗೊತ್ತಾಗಬೇಕು? ಅತ್ಯಂತ ಬೆಲೆಬಾಳುವ ದಾಖಲೆ ಆ ಮನುಷ್ಯನ ನೆನಪು. ಅದು ಯಾವ ಕಚೇರಿಯ ಕಡತದಲ್ಲಿಯೂ ಇಲ್ಲ, ಅವರ ಆಯುಸ್ಸಿನಷ್ಟೇ ಅದರ ಆಯುಸ್ಸು.

ಈಗ ಕಾನೂನಿನ ಮಾತು. ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರ ಸರಕಾರ 2025ರ ಜುಲೈಯಲ್ಲಿ ಹೊಸ ನಿಯಮಗಳನ್ನು ಹೊರಡಿಸಿದೆ. 1974ರ ಜಲಮಾಲಿನ್ಯ ಕಾಯಿದೆ ಮುಖ್ಯವಾಗಿ ಹೊರಬೀಳುತ್ತಿರುವ ಕೊಳೆಯನ್ನು ತಡೆಯಹೊರಟದ್ದು. ಹಿಂದೆಯೇ ಬಿದ್ದು ನೆಲ ಸೇರಿದ ಕೊಳೆಗೆ ಒಂದು ಕ್ರಮವನ್ನು ಹಾಕಿಕೊಟ್ಟದ್ದು ಈ ನಿಯಮಗಳ ಹೆಚ್ಚುಗಾರಿಕೆ. ಸಂಶಯವಿರುವ ಸ್ಥಳಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು. ರಾಜ್ಯದ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ನಡೆಸಬೇಕು. ಕಲ್ಮಷ ಇದೆಯೆಂದಾದರೆ ಇನ್ನು ಮೂರು ತಿಂಗಳಲ್ಲಿ ವಿವರವಾದ ಪರೀಕ್ಷೆ. ಕಡತ ನಿದ್ದೆ ಹೋಗದಂತೆ ಗಡುವು ಹಾಕಿದ್ದು ಒಳ್ಳೆಯದೇ. ಆದರೆ ಗಡುವು ಮುಗಿದಾಗ ಶೋಧನೆಯೂ ಮುಗಿಯಿತು ಎಂಬ ಅರ್ಥ ರೂಢಿಗೆ ಬಂದರೆ ಇವುಗಳಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಫೆಬ್ರವರಿಯಲ್ಲಿ ಮೊದಲಾದ 90 ದಿನಗಳು ಒಂದು ಹನಿ ಮಳೆ ಕಾಣದೆ ಮುಗಿಯಬಹುದು. ಆ ವರದಿಯಲ್ಲಿ ಕಲ್ಮಷ ಕಂಡುಬಂದಿಲ್ಲ ಎಂದು ಬರೆದರೆ, ಕಂಡುಬಂದಿಲ್ಲ ಎಂಬುದು ಇಲ್ಲ ಎಂದಾಗಿ, ಇಲ್ಲ ಎಂಬುದು ಮಾರಾಟದ ಪತ್ರಕ್ಕೆ ಲಗತ್ತಾಗುತ್ತದೆ. ವ್ಯಾಕರಣದಲ್ಲಿ ಈ ಎರಡು ಕ್ರಿಯಾಪದಗಳ ನಡುವೆ ಇರುವ ಅಂತರವನ್ನು ನಾನು ಪ್ರತಿವರ್ಷ ಪಾಠ ಹೇಳುತ್ತೇನೆ. ಆಡಳಿತದಲ್ಲಿ ಆ ಅಂತರ ಉಳಿಯುವುದು ಕಷ್ಟ.

ಆದ್ದರಿಂದ ನನ್ನ ವಾದ ಇಷ್ಟು. ಲೋಹಲೇಪನದ ಶೆಡ್ಡು ಮುಚ್ಚಿದ ದಿನದಿಂದ ಆ ನೆಲದ ಕೊಳವೆಬಾವಿಗಳನ್ನು ಹೂಳಬಾರದು. ಮೇಲಿನ ಪದರಕ್ಕೂ ಕೆಳಗಿನ ಬಿರುಕುಗಳಿಗೂ ದಾರಿಯಾಗುವಂಥವನ್ನು ಮಾತ್ರ ತಿಳಿದವರ ಸಲಹೆಯಂತೆ ಮುಚ್ಚಿ, ಮಿಕ್ಕವನ್ನು ಪರೀಕ್ಷೆಗೆ ಉಳಿಸಬೇಕು. ಕನಿಷ್ಠ ಐದಾರು ಮಳೆಗಾಲಗಳ ಹಿಂದುಮುಂದಿನ ಅಂಕಿಗಳಿಲ್ಲದೆ ಆ ಜಾಗವನ್ನು ವಾಸಕ್ಕೆ ಬಿಡಬಾರದು. ಇದರಿಂದ ಬೆಲೆಬಾಳುವ ನೆಲ ಪಾಳು ಬೀಳುತ್ತದೆ ಎನ್ನುವವರಿದ್ದಾರೆ. ಬೀಳಲಿ. ಮನೆ ಕಟ್ಟಿ, ಗೃಹಪ್ರವೇಶವಾಗಿ, ಸಾಲದ ಕಂತು ಅರ್ಧವೂ ತೀರುವ ಮುನ್ನ ಸಂಪಿನ ನೀರು ಕುಡಿಯಬೇಡಿ ಎಂದು ಹೇಳಿಸಿಕೊಳ್ಳುವ ಗುಮಾಸ್ತನ ಸಂಸಾರಕ್ಕಿಂತ ಪಾಳುನೆಲದ ನಷ್ಟ ದೊಡ್ಡದಲ್ಲ.

ಶೆಡ್ಡಿನ ಮಾಲಿಕರನ್ನು ಖಳನಾಯಕರನ್ನಾಗಿ ಮಾಡುವುದೂ ನನ್ನ ಉದ್ದೇಶವಲ್ಲ. ಅವರಲ್ಲಿ ಅನೇಕರು ಎರಡು ತೊಟ್ಟಿ, ನಾಲ್ಕು ಆಳುಗಳ ಸಣ್ಣ ಜನ. ದೊಡ್ಡ ಕಾರ್ಖಾನೆಗಳು ತಮ್ಮ ಅಂಗಳದಲ್ಲಿ ಬೇಡವೆಂದ ಕೆಲಸವನ್ನು ತುಂಡಿನ ಲೆಕ್ಕದಲ್ಲಿ ಮಾಡಿಕೊಟ್ಟವರು. ನಮ್ಮ ಬಚ್ಚಲಿನ ನಲ್ಲಿ, ನಮ್ಮ ಬೈಸಿಕಲ್ಲಿನ ಹಿಡಿ, ನಮ್ಮ ಮೋಟಾರ್ ಸೈಕಲ್ಲಿನ ಸೈಲೆನ್ಸರು ಫಳಫಳಿಸಬೇಕೆಂದು ಬಯಸಿದವರು ನಾವು. ಮೇಲೆ ಬಸಪ್ಪ, ಒಳಗೆ ವಿಷಪ್ಪ ಎಂಬ ಗಾದೆಯನ್ನು ನಾವು ಮನುಷ್ಯರ ಮೇಲೆ ಪ್ರಯೋಗಿಸುತ್ತ ಬಂದಿದ್ದೇವೆ. ಸಾಮಾನುಗಳ ಮೇಲೂ ಪ್ರಯೋಗಿಸಬಹುದು. ಶೋಧನೆಯ ಖರ್ಚನ್ನು ಮುಚ್ಚಿಹೋದ ಶೆಡ್ಡಿನವನೊಬ್ಬನ ತಲೆಗೇ ಕಟ್ಟಿದರೆ ಅವನು ಓಡಿಹೋಗುತ್ತಾನೆ, ಬಾವಿಯ ಗುಟ್ಟೂ ಅವನೊಡನೆ ಹೋಗುತ್ತದೆ. ಕೆಲಸ ಕೊಟ್ಟ ದೊಡ್ಡವರಿಂದಲೂ ನಿವೇಶನ ಹಂಚಿದ ಸರಕಾರದಿಂದಲೂ ಪಾಲು ಬರಬೇಕು.

ಕೊನೆಯದಾಗಿ ಭಾಷೆಯ ವಿಚಾರ. ಅದು ನನ್ನ ಕಸಬಾದುದರಿಂದ ವಾಚಕರು ಸಹಿಸಿಕೊಳ್ಳಬೇಕು. ಅಂತರ್ಜಲದ ಪರೀಕ್ಷೆಯ ವರದಿಗಳಲ್ಲಿ ನನ್ನ ಕೈಗೆ ಬಂದವೆಲ್ಲ ಇಂಗ್ಲಿಷಿನವು. ಆ ನೀರನ್ನು ಕುಡಿಯುವವರಲ್ಲಿ ಅವನ್ನು ಓದಬಲ್ಲವರು ಎಷ್ಟು ಮಂದಿ? ಪಾರಿಭಾಷಿಕ ಪದಗಳಿಲ್ಲ ಎಂಬ ನೆಪ ಸಾಲದು. ಅಲುಬುವುದು, ಒಸರುವುದು, ಜಿನುಗುವುದು, ಇಂಗುವುದು, ಒರತೆ, ಸಿರೆ: ನೀರಿನ ನಡೆಗೆ ಕನ್ನಡದಲ್ಲಿರುವಷ್ಟು ಪದಗಳು ಆ ವರದಿಗಳ ಇಂಗ್ಲಿಷಿನಲ್ಲಿಯೂ ಇಲ್ಲ. ಕಾಲೇಜುಗಳ ಕನ್ನಡ ವಿಭಾಗದವರೂ ರಸಾಯನಶಾಸ್ತ್ರ ವಿಭಾಗದವರೂ ಒಂದು ಮೇಜಿನ ಸುತ್ತ ಕುಳಿತರೆ ಒಂದು ಪುಟದ ಮಾದರಿ ವರದಿಯನ್ನು ಒಂದು ಮಧ್ಯಾಹ್ನದಲ್ಲಿ ಸಿದ್ಧಪಡಿಸಬಹುದು: ಯಾವ ಬಾವಿ, ಎಷ್ಟು ಆಳ, ಯಾವ ದಿನ, ಮಳೆಗೆ ಮುಂಚೆಯೋ ಆಮೇಲೆಯೋ, ಸಿಕ್ಕಿದ್ದೆಷ್ಟು, ಮಿತಿಯೆಷ್ಟು, ಹಿಂದಿನ ಸಲ ಎಷ್ಟಿತ್ತು. ನಮ್ಮ ಕಾಲೇಜಿನಲ್ಲಿ ಅಂಥದೊಂದನ್ನು ಬರೆದು ನೋಡಿದ್ದೇವೆ. ಫುಲ್‌ಸ್ಕೇಪಿನ ಒಂದು ಮಗ್ಗುಲಿಗೆ ಸಾಲುತ್ತದೆ. ಅದನ್ನು ಪಂಚಾಯತಿಯ ಕಚೇರಿಯ ಗೋಡೆಗೆ, ಹೆರಿಗೆ ಭತ್ಯದ ಪ್ರಕಟಣೆಯ ಪಕ್ಕದಲ್ಲಿ, ಅಂಟಿಸಲು ಒಂದಿಷ್ಟು ಗೋಂದು ಸಾಕು. "ಹಿಂದಿನ ಸಲ" ಎಂಬ ಕಾಲಮನ್ನು ಮಾತ್ರ ಸದ್ಯಕ್ಕೆ ಖಾಲಿ ಬಿಡಬೇಕಾಗಿದೆ.